ಮಂಡಿನೋವಿಗೆ ಮದ್ದು ತೊಡೆಯಲ್ಲಿ

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವಾಗ ಏದುಸಿರು, ಇಳಿಯುವಾಗ ಹಾಯೆನಿಸುತ್ತದೆ. ಆದರೂ ಮರುದಿನ ತೊಡೆ ಹಿಡಿದುಕೊಂಡು ಕೂರಿಸುವುದು ಬಹುಮಟ್ಟಿಗೆ ಆ ಇಳಿತವೇ. ಒಂದು ಕಾಲು ಕೆಳಗಿನ ಮೆಟ್ಟಿಲು ಮುಟ್ಟುವತನಕ ಇನ್ನೊಂದರ ಮಂಡಿ ಮೆಲ್ಲಗೆ ಮಡಚಬೇಕು. ಆಗ ತೊಡೆಯ ಮುಂಭಾಗದ ಸ್ನಾಯು ಬಿಗಿಹಿಡಿದುಕೊಂಡೇ ಉದ್ದವಾಗುತ್ತಾ ದೇಹ ಕುಸಿಯದಂತೆ ತಡೆಯುತ್ತದೆ. ಅಭ್ಯಾಸವಿಲ್ಲದವರಲ್ಲಿ ಅದರ ಎಳೆಗಳಿಗೆ ಸೂಕ್ಷ್ಮವಾದ ಪೆಟ್ಟಾಗುತ್ತದೆ. ನೋವು ಒಂದೆರಡು ದಿನ ಏರಿ ತಾನಾಗಿ ಇಳಿಯುತ್ತದೆ. ಲ್ಯಾಕ್ಟಿಕ್ ಆಮ್ಲ ಕಟ್ಟಿಕೊಂಡದ್ದೇ ಕಾರಣ ಎಂಬ ಮಾತು ಸರಿಯಲ್ಲ. ಅದು ಒಂದೆರಡು ಗಂಟೆಯಲ್ಲೇ ಕರಗಿಹೋಗಿರುತ್ತದೆ.

ಈ ಸ್ನಾಯುವಿನ ಹೆಸರು ಕ್ವಾಡ್ರಿಸೆಪ್ಸ್. ಇದರ ನಾಲ್ಕು ಭಾಗಗಳು ಒಂದಾಗಿ, ಮಂಡಿಚಿಪ್ಪಿನ ಮೂಲಕ ಕೆಳಗಿನ ಮೂಳೆಗೆ ಸೇರುತ್ತವೆ. ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚಿ ಬಿಗಿ ಮಾಡಿ. ಚಿಪ್ಪಿಗಿಂತ ತುಸು ಮೇಲೆ, ಒಳಬದಿಯಲ್ಲಿ ಹನಿಯಾಕಾರದ ಉಬ್ಬೊಂದು ಕೈಗೆ ಸಿಗುತ್ತದೆ. ಅದು ಈ ನಾಲ್ಕರಲ್ಲಿ ಒಂದು.

ಮಂಡಿ ಊದಿಕೊಂಡಾಗ ಕೀಲಿನಿಂದ ಹೊರಡುವ ಸಂಕೇತಗಳು ಬೆನ್ನುಹುರಿಯ ಮಟ್ಟದಲ್ಲೇ ಈ ಸ್ನಾಯುವನ್ನು ತಡೆದುಬಿಡುತ್ತವೆ. ಎಷ್ಟೇ ಮನಸ್ಸು ಮಾಡಿದರೂ ಪೂರ್ತಿ ಬಲ ಬರುವುದಿಲ್ಲ. ನೋವೆಂದು ಓಡಾಟ ನಿಲ್ಲಿಸಿದರೆ ತೊಡೆ ಇನ್ನಷ್ಟು ಸೊರಗುತ್ತದೆ, ಕೀಲಿಗೆ ಆಸರೆ ತಪ್ಪುತ್ತದೆ. "ವಯಸ್ಸಾಯ್ತಲ್ಲಮ್ಮ, ಸುಮ್ಮನೆ ಕೂತಿರಿ" ಎಂದು ಅಕ್ಕರೆಯಿಂದ ಹೇಳುವ ಮಕ್ಕಳು ಅರಿಯದೆಯೇ ತಾಯಿಯ ಕಾಲು ಕಸಿಯುತ್ತಾರೆ. ಇದು ನನಗೆ ತುಂಬ ಸಂಕಟದ ವಿಷಯ, ಏಕೆಂದರೆ ಮುಪ್ಪಿನ ಸ್ನಾಯುವೂ ಬೆಳೆಯಬಲ್ಲದು.

1990ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಮಾರಿಯಾ ಫಿಯಾಟರೋನ್ ಮತ್ತು ಸಂಗಡಿಗರು ವೃದ್ಧಾಶ್ರಮದಲ್ಲಿದ್ದ, ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದರು. ಎಂಟು ವಾರ ಪೂರೈಸಿದ ಒಂಬತ್ತು ಮಂದಿಯ ಬಲ ಸರಾಸರಿ 174% ಹೆಚ್ಚಿತ್ತು. ತೊಡೆಯ ಸ್ನಾಯುವಿನ ಗಾತ್ರವೂ ಸುಮಾರು 9% ಹಿಗ್ಗಿತ್ತು.

ಮನೆಯಲ್ಲಿ ಬೇಕಾದದ್ದು ಗೋಡೆಗೊತ್ತಿದ ಗಟ್ಟಿ ಕುರ್ಚಿ. ಕೈ ಊರದೆ ಏಳಿ. ನಾಲ್ಕೆಣಿಸುವಷ್ಟು ನಿಧಾನವಾಗಿ ಕೂರಿ. ಆ ನಿಧಾನದಲ್ಲೇ ಲಾಭವಿದೆ. ಎಂಟು-ಹತ್ತು ಸಲ, ದಿನ ಬಿಟ್ಟು ದಿನ ಸಾಕು. ಆಗದಿದ್ದರೆ ಕುರ್ಚಿಯ ಮೇಲೆ ದಿಂಬಿಟ್ಟು ಎತ್ತರಿಸಿಕೊಳ್ಳಿ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್‌ಗೆ, ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು ಒಳ್ಳೆಯದು. ಜೊತೆಗೆ ಬೇಳೆ, ಮೊಸರು, ಮೊಟ್ಟೆ ತಟ್ಟೆಯಲ್ಲಿರಲಿ. ಮಂಡಿ ಬಿಸಿಯೇರಿ ಊದಿದ್ದರೆ, ಇಲ್ಲವೇ ಸಿಕ್ಕಿಹಾಕಿಕೊಂಡಂತಾದರೆ ಮೊದಲು ವೈದ್ಯರಿಗೆ ತೋರಿಸಿ. ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು ಸಲೀಸಾಯಿತೆಂದರೆ ಎರಡು ಕೆಜಿ ಅಕ್ಕಿಚೀಲ ಎದೆಗವಚಿಕೊಂಡು ಮುಂದುವರಿಸಿ.