ಎತ್ತು ಯಾವ ಕಾಲನ್ನು ಮೊದಲು ಎತ್ತುತ್ತದೆ?

ಈ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳಬಲ್ಲಿರಾ? ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯ ಸುತ್ತಮುತ್ತ ದಿನವೂ ದನಕರುಗಳನ್ನು ಕಾಣುವವರೂ ಒಂದು ಕ್ಷಣ ತಡವರಿಸುತ್ತಾರೆ. ಕಂಪ್ಯೂಟರಿನಲ್ಲಿ ಆನಿಮೇಷನ್ ಕಲಿಯಹೊರಟ ವಿದ್ಯಾರ್ಥಿ ಮೊದಲು ಮುಗ್ಗರಿಸುವುದು ಇಲ್ಲಿಯೇ. ಅವನು ಚಿತ್ರಿಸಿದ ಎತ್ತು ನಡೆಯುವ ಬದಲು ಜಾರುತ್ತದೆ. ಕಾಲು ಇದ್ದಕ್ಕಿದ್ದಂತೆ ಕೋಲಿನಂತೆ ಸೆಟೆಯುತ್ತದೆ.

ನಿಧಾನವಾಗಿ ನಡೆಯುವ ಎತ್ತು, ಹಸು, ಕುದುರೆಗಳ ಹೆಜ್ಜೆಯ ಕ್ರಮ ಒಂದೇ: ಎಡ ಹಿಂಗಾಲು, ಎಡ ಮುಂಗಾಲು, ಬಲ ಹಿಂಗಾಲು, ಬಲ ಮುಂಗಾಲು. ಹಿಂಗಾಲು ಮುಂದೆ ಬಂದು ಊರುವ ಹೊತ್ತಿಗೆ ಅದೇ ಪಕ್ಕದ ಮುಂಗಾಲು ಏಳುತ್ತದೆ. ಯಾವಾಗಲೂ ಎರಡು ಅಥವಾ ಮೂರು ಕಾಲು ನೆಲದ ಮೇಲಿರುವುದರಿಂದ ಭಾರವಾದ ದೇಹ ವಾಲದೆ ಸಾಗುತ್ತದೆ.

1878ರಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕ ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು ಕುದುರೆಯ ಓಟವನ್ನು ಸೆರೆಹಿಡಿದ ಮೇಲೆ ಪ್ರಾಣಿಗಳ ಚಲನೆಯ ಗುಟ್ಟು ಒಂದೊಂದಾಗಿ ಬಯಲಾಯಿತು. ಆದರೂ ತಪ್ಪು ನಿಲ್ಲಲಿಲ್ಲ. ಹಂಗೆರಿಯ ವಿಜ್ಞಾನಿಗಳು ಸಾವಿರ ಕಲಾಕೃತಿಗಳನ್ನು ಪರಿಶೀಲಿಸಿ 2012ರಲ್ಲಿ ವರದಿ ಪ್ರಕಟಿಸಿದರು. ಮೈಬ್ರಿಜ್‌ಗಿಂತ ಹಿಂದಿನ ಆಧುನಿಕ ಕಲಾವಿದರ ಕೃತಿಗಳಲ್ಲಿ ಶೇಕಡ 83.5ರಷ್ಟು, ಅನಂತರದವುಗಳಲ್ಲಿ ಶೇಕಡ 57.9ರಷ್ಟು ನಡಿಗೆ ತಪ್ಪಾಗಿತ್ತು. ಗುಹೆಯ ಗೋಡೆಯ ಮೇಲೆ ಬರೆದ ಆದಿಮಾನವನ ಚಿತ್ರಗಳಲ್ಲಿ ತಪ್ಪು ಶೇಕಡ 46.2 ಮಾತ್ರ! ಬೇಟೆಗಾರನಿಗೆ ಪ್ರಾಣಿಯನ್ನು ನೋಡುವುದು ಹೊಟ್ಟೆಪಾಡಿನ ಪ್ರಶ್ನೆಯಾಗಿತ್ತು.

ಇನ್ನು ಕಂಪ್ಯೂಟರಿನ ತೊಡಕು. ಪರದೆಯ ಪ್ರಾಣಿಯೊಳಗೆ ಮೂಳೆ, ಕೀಲುಗಳ ಒಂದು ಚೌಕಟ್ಟಿರುತ್ತದೆ. ಇದಕ್ಕೆ 'ರಿಗ್' ಎನ್ನುತ್ತಾರೆ. ತೊಗಲುಗೊಂಬೆಯ ಅಂಗಗಳನ್ನು ಕೀಲಿನಲ್ಲಿ ಕಟ್ಟಿ ಕಡ್ಡಿಯಿಂದ ಆಡಿಸುವ ಹಾಗೆಯೇ ಇದು. ಕೀಲು ತಪ್ಪಾದರೆ ಆಟವೇ ಕೆಟ್ಟಿತು. ಎತ್ತಿನ ಹಿಂಗಾಲಿನ ನಡುವೆ ಹಿಂದಕ್ಕೆ ಚಾಚಿದ ಕೀಲನ್ನು ಅನೇಕರು ಮಂಡಿ ಎಂದುಕೊಳ್ಳುತ್ತಾರೆ. ಅದು ನಮ್ಮ ಹಿಮ್ಮಡಿಗೆ ಸಮ. ನಿಜವಾದ ಮಂಡಿ ಮೇಲೆ, ಹೊಟ್ಟೆಯ ಪಕ್ಕದಲ್ಲಿದೆ. ಮುಂಗಾಲಿನ 'ಮಂಡಿ' ನಮ್ಮ ಮಣಿಕಟ್ಟಿಗೆ ಸಮ. ಎತ್ತಿಗೆ ಕೊರಳೆಲುಬಿಲ್ಲ. ಸ್ನಾಯುಗಳೇ ಮುಂಗಾಲನ್ನು ಮೈಗೆ ಹಿಡಿದಿರುವುದರಿಂದ ಹೆಗಲ ಮೂಳೆ ಹೆಜ್ಜೆಹೆಜ್ಜೆಗೂ ಸರಿದಾಡುತ್ತದೆ. ರಿಗ್‌ನಲ್ಲಿ ಹೆಗಲನ್ನು ಬಿಗಿದುಬಿಟ್ಟರೆ ಸಿಗುವುದು ಮರದ ಎತ್ತು.

ಪರಿಹಾರ ಸರಳ. ಸೆಕೆಂಡಿಗೆ 24 ಚಿತ್ರ, ಒಂದು ಸುತ್ತಿನ ನಡಿಗೆಗೆ ಒಂದು ಸೆಕೆಂಡು ಎಂದಿಟ್ಟುಕೊಳ್ಳಿ. ಮೇಲೆ ಹೇಳಿದ ಕ್ರಮದಲ್ಲಿ ಕಾಲುಗಳನ್ನು 1, 7, 13 ಮತ್ತು 19ನೆಯ ಚಿತ್ರಗಳಲ್ಲಿ ಊರಿಸಿ. 25ನೆಯದು ಮತ್ತೆ ಮೊದಲನೆಯದೇ. ಊರಿದ ಗೊರಸು ಏಳುವವರೆಗೆ ನೆಲದ ಒಂದೇ ಜಾಗದಲ್ಲಿರಲಿ, ಜಾರುವುದು ನಿಲ್ಲುತ್ತದೆ. ಕಾಲು ಸೆಟೆದರೆ ಮೈಯನ್ನು ತುಸು ತಗ್ಗಿಸಿ, ಇಲ್ಲವೆ ಹೆಜ್ಜೆಯನ್ನು ಕಿರಿದು ಮಾಡಿ.

ಪಾಲಕರಿಗೊಂದು ಮಾತು. ಮಕ್ಕಳು ಪರದೆಯ ಮೇಲೆ ಎತ್ತನ್ನು ನಡೆಸುತ್ತಿದ್ದರೆ ಹೊತ್ತು ಕಳೆಯುತ್ತಿದ್ದಾರೆಂದು ಗದರಬೇಡಿ. ಅದರಲ್ಲಿ ಜೀವಶಾಸ್ತ್ರವಿದೆ, ಭೌತಶಾಸ್ತ್ರವಿದೆ, ಗಣಿತವಿದೆ. ಆದರೆ ದುಬಾರಿ ತರಬೇತಿಗೆ ಹಣ ಕಟ್ಟುವ ಮೊದಲು ಅವರನ್ನು ಹೊಲದ ಬದುವಿಗೆ ಕಳುಹಿಸಿ. ಅಲ್ಲಿ ಹಳ್ಳಿಕಾರ್ ಎತ್ತೊಂದರ ನಡಿಗೆಯನ್ನು ಮೊಬೈಲಿನಲ್ಲಿ ನಿಧಾನಗತಿಯಲ್ಲಿ ಚಿತ್ರಿಸಿ, ಯಾವ ಕಾಲು ಯಾವಾಗ ಊರಿತೆಂದು ನೋಟುಪುಸ್ತಕದಲ್ಲಿ ಗುರುತು ಹಾಕಲಿ. ಅಚ್ಚಾದ ಚಿತ್ರವೂ ತಪ್ಪಿರಬಹುದು. ಒರೆಹಚ್ಚಿ ನೋಡಲು ಕಣ್ಣೆದುರಿಗೇ ಎತ್ತಿದೆ.