ಗಂಡಸರು ಮುಚ್ಚಿಡುವ ಒಂದು ರೋಗಲಕ್ಷಣ

ನಮ್ಮ ಊರುಗಳ ಬಸ್ ನಿಲ್ದಾಣಗಳ ಆಸುಪಾಸಿನಲ್ಲಿ ‘ಗುಪ್ತರೋಗ’ಗಳಿಗೆ ಖಚಿತ ಪರಿಹಾರವನ್ನು ಸಾರುವ ಗೋಡೆಬರಹಗಳನ್ನು ಕಾಣದವರು ವಿರಳ. ಲೈಂಗಿಕ ದೌರ್ಬಲ್ಯಕ್ಕೆ ಮದ್ದುಂಟೆಂದು ಜಾಹೀರಾತು ನೀಡುವುದನ್ನು 1954ರ ಕೇಂದ್ರ ಶಾಸನವೊಂದು ನಿಷೇಧಿಸಿದೆ. ಗೋಡೆಗಳಿಗೆ ಈ ಸಂಗತಿ ಇನ್ನೂ ತಿಳಿದಂತಿಲ್ಲ!

ಶಿಶ್ನದ ನಿಮಿರುವಿಕೆ ಹೇಗೆ ಉಂಟಾಗುತ್ತದೆಂಬುದನ್ನು ಸಿರುಗುಪ್ಪದ ಭತ್ತದ ರೈತನಿಗೆ ವಿವರಿಸುವುದು ಕಷ್ಟವಲ್ಲ. ತೂಬನ್ನು ತೆರೆದು, ಬದುವಿನ ಕಂಡಿಯನ್ನು ಮುಚ್ಚಿದರೆ ಗದ್ದೆಯಲ್ಲಿ ನೀರು ನಿಲ್ಲುತ್ತದೆಯಷ್ಟೆ? ಅಂತೆಯೇ ಮನಸ್ಸು ಉದ್ರೇಕಗೊಂಡಾಗ ನರಗಳ ತುದಿಯಲ್ಲಿಯೂ ರಕ್ತನಾಳಗಳ ಒಳಪದರದಲ್ಲಿಯೂ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವು ಹುಟ್ಟಿ, ಅಪಧಮನಿಗಳ ಸ್ನಾಯುಗಳನ್ನು ಸಡಿಲಿಸುತ್ತದೆ. ರಕ್ತವು ಸ್ಪಂಜಿನಂತಹ ಅಂಗಾಂಶದೊಳಕ್ಕೆ ನುಗ್ಗುತ್ತದೆ. ಅದು ಉಬ್ಬಿದಾಗ ಹೊರಹರಿವಿನ ಸಿರೆಗಳು ಅದುಮಲ್ಪಟ್ಟು ರಕ್ತವು ಒಳಗೇ ನಿಲ್ಲುತ್ತದೆ.

ಕಾಲುವೆಯಲ್ಲಿ ಹೂಳು ತುಂಬಿದಾಗ ಮೊದಲು ಒಣಗುವುದು ಕಿರುಗಾಲುವೆಯ ತುದಿಯ ಗದ್ದೆ. ಶಿಶ್ನದ ಅಪಧಮನಿಗಳ ಅಗಲ ಸುಮಾರು 1ರಿಂದ 2 ಮಿಲಿಮೀಟರು. ಹೃದಯಕ್ಕೆ ರಕ್ತವುಣಿಸುವ ನಾಳಗಳದು 3ರಿಂದ 4. ಮಧುಮೇಹ, ರಕ್ತದ ಒತ್ತಡ, ಹೊಗೆಸೊಪ್ಪು ಇವು ನಾಳಗಳನ್ನು ಕೆಡಿಸುವಾಗ ಚಿಕ್ಕವುಗಳು ಮೊದಲು ಸೋಲುತ್ತವೆ. ಆದುದರಿಂದಲೇ ಕೆಲವರಲ್ಲಿ ಹೃದ್ರೋಗವು ಪ್ರಕಟವಾಗುವುದಕ್ಕೆ ಎರಡು ಮೂರು ವರ್ಷ ಮುಂಚೆಯೇ ಈ ತೊಂದರೆ ಕಾಣಿಸಿಕೊಳ್ಳುತ್ತದೆ. ಅದನ್ನು ಮುಚ್ಚಿಟ್ಟವನು ಹೃದಯದ ಎಚ್ಚರಿಕೆಯನ್ನೇ ಮುಚ್ಚಿಟ್ಟಂತೆ.

ದಣಿವಿನಿಂದಲೋ, ಮದ್ಯದಿಂದಲೋ, ಹೊಸ ಮದುವೆಯ ಅಳುಕಿನಿಂದಲೋ ಒಮ್ಮೊಮ್ಮೆ ಹೀಗಾದರೆ ಅದು ರೋಗವಲ್ಲ. ಬೆಳಗಿನ ಜಾವದ ನಿಮಿರುವಿಕೆ ಎಂದಿನಂತಿದ್ದರೆ ಕಾರಣವು ಬಹುಮಟ್ಟಿಗೆ ಮನಸ್ಸಿನಲ್ಲಿರುತ್ತದೆ, ಅದಕ್ಕೂ ಚಿಕಿತ್ಸೆಯುಂಟು. ತೊಂದರೆಯು ಮೂರು ತಿಂಗಳು ಬಿಡದಿದ್ದರೆ ವೈದ್ಯರನ್ನು ಕಾಣಬೇಕು. ಮಧುಮೇಹವಿದ್ದರೆ, ಅಥವಾ ಮೆಟ್ಟಿಲೇರುವಾಗ ಎದೆ ಹಿಡಿದಂತಾದರೆ ಅಷ್ಟು ದಿನ ಕಾಯಲಾಗದು. ರಕ್ತದ ಒತ್ತಡದ ಕೆಲವು ಗುಳಿಗೆಗಳೂ ಇದಕ್ಕೆ ಕಾರಣವಾಗಬಲ್ಲವು. ಆದರೆ ಅವನ್ನು ತಾನಾಗಿಯೇ ನಿಲ್ಲಿಸುವುದು ಅಪಾಯಕರ.

ಎದೆನೋವಿಗಾಗಿ ಪರೀಕ್ಷಿಸುತ್ತಿದ್ದ ಸಿಲ್ಡೆನಫಿಲ್ ಎಂಬ ಔಷಧವು ಈ ತೊಂದರೆಗೆ ಉಪಯುಕ್ತವೆಂದು ಕಂಡುಬಂದು, 1998ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. ಹೃದ್ರೋಗಿಗಳು ನಾಲಗೆಯ ಕೆಳಗಿಡುವ ನೈಟ್ರೇಟ್ ಗುಳಿಗೆಯೊಡನೆ ಇದು ಸೇರಿದರೆ ರಕ್ತದ ಒತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ. ‘ಬರಿಯ ಬೇರುನಾರು’ ಎಂದು ಮಾರುವ ಪುಡಿಗಳಲ್ಲಿ ಇದೇ ಔಷಧವನ್ನು ಗುಟ್ಟಾಗಿ ಬೆರೆಸಿದ್ದು ಹಲವು ದೇಶಗಳಲ್ಲಿ ಪತ್ತೆಯಾಗಿದೆ. ಗೋಡೆಬರಹದ ಮದ್ದಿಗೆ ನಾವು ಅಂಜುವುದು ಇದಕ್ಕಾಗಿಯೇ. ಯಾವ ಮದ್ದಿನಿಂದಲೇ ಆಗಲಿ, ನಿಮಿರುವಿಕೆಯು ನಾಲ್ಕು ಗಂಟೆ ಮೀರಿ ಇಳಿಯದಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಮೊದಲ ಭೇಟಿಗೆ ವಿಶೇಷ ತಜ್ಞರೇ ಬೇಕೆಂದಿಲ್ಲ. ಕುರುಗೋಡಿನಲ್ಲಾಗಲಿ ಸಿರುಗುಪ್ಪದಲ್ಲಾಗಲಿ ಸರ್ಕಾರಿ ಆಸ್ಪತ್ರೆಯ ವೈದ್ಯರು ರಕ್ತದ ಒತ್ತಡವನ್ನೂ ಸಕ್ಕರೆಯನ್ನೂ ನೋಡಿ, ಅಗತ್ಯವಿದ್ದರೆ ಬಳ್ಳಾರಿಗೆ ಕಳುಹಿಸುವರು. ಅಲ್ಲಿನ ವೈದ್ಯಕೀಯ ಕಾಲೇಜು 1961ರಿಂದ ನಡೆಯುತ್ತಿದೆ. ಚೀಟಿ ಬರೆಯುವ ಕಿಟಕಿಯಲ್ಲಿ ಹೇಳಲು ನಾಚಿಕೆಯಾದರೆ ‘ಸಕ್ಕರೆ ಪರೀಕ್ಷೆಗೆ’ ಎಂದರಾಯಿತು. ಒಳಗೆ, ವೈದ್ಯರೆದುರು ಮಾತ್ರ ಇದ್ದುದನ್ನು ಇದ್ದಂತೆಯೇ ಹೇಳಬೇಕು.