ಒಂಟಿ ಯುಗಾದಿ



ಮನೆಯಲ್ಲಿ ಒಬ್ಬರೇ ಇದ್ದು ಯುಗಾದಿ ಕಳೆದದ್ದು ನಮ್ಮ ಆಯುಷ್ಯದಲ್ಲಿ ಒಮ್ಮೆ ಮಾತ್ರ. ಅದು 2020ರ ಮಾರ್ಚ್ 25, ಬುಧವಾರ, ದೇಶಕ್ಕೆಲ್ಲ ಲಾಕ್‌ಡೌನ್ ಆದ ಮೊದಲ ದಿನ. ಮಗಳ ಬಾಣಂತನಕ್ಕೆಂದು ಬೆಂಗಳೂರಿಗೆ ಹೋಗಿದ್ದ ಮನೆಯವರು ಅಲ್ಲಿಯೇ ಉಳಿದರು, ನಾವು ತೋಟದಲ್ಲಿ ಉಳಿದೆವು.

ಆಗ ನಮ್ಮ ಲೈನು ಮನೆಯಲ್ಲಿ ಕಲಬುರಗಿ ಜಿಲ್ಲೆಯ ಕೊಡ್ಲಿಯ ಒಂದು ಸಂಸಾರವಿತ್ತು. ಊರಲ್ಲಿ ತೊಗರಿ ರಾಶಿ ಮುಗಿಸಿ ರೊಬಸ್ಟಾ ಕೊಯ್ಲಿಗೆ ಬಂದವರು. ಹಬ್ಬಕ್ಕೆ ಊರು ಸೇರಬೇಕೆಂದು 19ರಂದೇ ಲೆಕ್ಕ ಕೇಳಿದ್ದರು. ಕಾಳುಮೆಣಸಿನ ಕೊಯ್ಲು ಅರ್ಧವಾಗಿತ್ತು. "ನಾಲ್ಕು ದಿನ ತಡೆಯಿರಿ" ಎಂದವರು ನಾವು. ದೇಶದಲ್ಲಿ ಈ ರೋಗದ ಮೊದಲ ಸಾವು ಮಾರ್ಚ್ 10ರಂದು ಸಂಭವಿಸಿದ್ದು ಕಲಬುರಗಿಯವರದೇ. "ಅಲ್ಲಿಗಿಂತ ಇಲ್ಲೇ ಕ್ಷೇಮ" ಎಂದೂ ಹೇಳಿದೆವು. ಮಾತು ಸುಳ್ಳಲ್ಲ, ಆದರೆ ನಿಜವಾದ ಕಾರಣ ಮೆಣಸು. 22ರಂದು ಜನತಾ ಕರ್ಫ್ಯೂ ಬಂತು. ಪ್ರಯಾಣಿಕರ ರೈಲುಗಳನ್ನು ನಿಲ್ಲಿಸುವ ಆದೇಶವೂ ಅಂದೇ ಆಯಿತು.

ಹಬ್ಬದ ದಿನ ಎಣ್ಣೆಸ್ನಾನ ಮಾಡಿ ದೇವರಿಗೆ ದೀಪ ಹಚ್ಚಿದೆವು. ನಮ್ಮ ಮಳೆಸೀಮೆಯಲ್ಲಿ ಬೇವಿನ ಮರ ಅಪರೂಪ, ಪ್ರತಿವರ್ಷ ಪೇಟೆಯಿಂದ ತರುವುದು. ಆ ವರ್ಷ ಬರೀ ಬೆಲ್ಲ. ಉಪ್ಪಿಟ್ಟು ಮಾಡಿ ತಟ್ಟೆಯ ಮುಂದೆ ಕುಳಿತರೆ ತಿನ್ನಲು ಮನಸ್ಸಾಗಲಿಲ್ಲ.

ಮಧ್ಯಾಹ್ನ ಕಾಫಿ ಕಣದ ಕಡೆ ಹೋದೆವು. ನಮ್ಮಲ್ಲಿ ಫೋನು ಸಿಗುವ ಜಾಗ ಅದೊಂದೇ. ಕೊಡ್ಲಿಯ ಆಳು ಅಲ್ಲಿ ನಿಂತು ಊರಿಗೆ ಮಾತಾಡುತ್ತಿದ್ದ. ಫೋನು ಇಟ್ಟು ಹೇಳಿದ: "ಅವ್ವ ಒಬ್ಬಾಕಿನೇ ಅದಾಳ್ರಿ, ಸಾವ್ಕಾರ್ರ. ಬೇವು ಮಾಡ್ಯಾಳಂತ. ಕುಡ್ಯಾಕ ಯಾರೂ ಇಲ್ಲಂತ್ರಿ." ಅವರ ಕಡೆ ಬೇವಿನ ಹೂವು, ಬೆಲ್ಲ, ಹುಣಸೆ ರಸ ಕದಡಿ ಮನೆಮಂದಿಯೆಲ್ಲ ಕುಡಿಯುವುದು ವಾಡಿಕೆ.

ನಮ್ಮನ್ನು ದೂರುವ ಒಂದು ಮಾತೂ ಅವನ ಬಾಯಿಂದ ಬರಲಿಲ್ಲ. ಸಂಜೆ ಲೈನು ಮನೆಗೆ ಹೋಗಿ ಪೂರ್ತಿ ಬಟವಾಡೆ ಮಾಡಿ, ಅಕ್ಕಿ, ಎಣ್ಣೆ ಕೊಟ್ಟು ಬಂದೆವು. ಅವನ ಹೆಂಡತಿ ಊರಿನಿಂದ ತಂದ ಬೇಳೆಯಲ್ಲಿ ಹೋಳಿಗೆ ಮಾಡಿದ್ದಳು. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಲಬುರಗಿಯ ತೊಗರಿಯೇ ಅದು. ನಾಲ್ಕು ಹೋಳಿಗೆ ನಮಗೂ ಕಟ್ಟಿಕೊಟ್ಟಳು. ಮನೆಗೆ ಬಂದು ತಿಂದೆವು. ನಮ್ಮ ಹಬ್ಬ ಅಷ್ಟೇ.

ಮಾರ್ಚ್ 27ರಂದು ಕೇಂದ್ರ ಸರ್ಕಾರ ಕೃಷಿ ಕೆಲಸಕ್ಕೆ ವಿನಾಯಿತಿ ಕೊಟ್ಟಿತು. ಏಪ್ರಿಲ್ 20ರಿಂದ ಅರ್ಧದಷ್ಟು ಆಳುಗಳೊಡನೆ ಕಾಫಿ ತೋಟ ನಡೆಸಲು ಅನುಮತಿಯಾಯಿತು. ಮೆಣಸೂ ಮುಗಿಯಿತು. ಆದರೆ ರಾಜ್ಯದೊಳಗೆ ಬಸ್ಸು ಓಡಾಡಿದ್ದು ಮೇ 19ರಿಂದ. ನಾವು ಕೇಳಿದ ನಾಲ್ಕು ದಿನ ಎರಡು ತಿಂಗಳಾಯಿತು. ಊರು ಮುಟ್ಟಿದ ದಿನ ಅವನೇ ಫೋನು ಮಾಡಿ, ಅವ್ವ ಚೆನ್ನಾಗಿದ್ದಾಳೆಂದು ತಿಳಿಸಿದ. ಅಂದು ರಾತ್ರಿ ನಮಗೂ ನಿದ್ದೆ ಬಂತು.

ಸದಸ್ಯರಲ್ಲಿ ನಮ್ಮ ವಿನಂತಿ ಎರಡು. ಹಾಜರಿ ಪುಸ್ತಕದಲ್ಲಿ ಆಳಿನ ಹೆಸರಿನ ಪಕ್ಕದಲ್ಲಿ ಊರು, ಊರಲ್ಲಿ ಉಳಿದ ಹಿರಿಯರು, ಅವರ ಫೋನು ಸಂಖ್ಯೆ ಬರೆದಿಡಿ. ಹಬ್ಬದ ಮುಂಚೆ ಲೆಕ್ಕ ಕೇಳಿದವರಿಗೆ ಅಂದೇ ಲೆಕ್ಕ ಕೊಡಿ. ನಾಲ್ಕು ದಿನ ತಡವಾದರೆ ಒಂದಿಷ್ಟು ಮೆಣಸು ಉದುರೀತು, ಆ ನಷ್ಟ ನಮಗೆ ತಡೆಯುವಂಥದು.